ಚಿನ್ನ ಹಚ್ಚದೆ ಬರೆದ ಜರಿ

ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ರಾಜಾ ರವಿವರ್ಮನ ಒಂದು ತೈಲಚಿತ್ರವಿದೆ. 1889ರ ಸುಮಾರಿನದು, ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’ ಎಂಬ ಹೆಸರಿನಿಂದ ಪ್ರಸಿದ್ಧ. ಬೇರೆ ಬೇರೆ ಸೀಮೆಯ 11 ಹೆಂಗಸರು ಒಂದೇ ಚೌಕಟ್ಟಿನೊಳಗೆ ಸೇರಿದ್ದಾರೆ. ವೀಣೆ ಹಿಡಿದ ನಾಯರ್ ಹೆಣ್ಣುಮಗಳಿದ್ದಾಳೆ, ಮುಸ್ಲಿಂ ಗಾಯಕಿಯಿದ್ದಾಳೆ, ಪಾರ್ಸಿ ಹೆಂಗಸಿದ್ದಾಳೆ, ಹಿಂದೆ ಟೊಪ್ಪಿ ಹಾಕಿಕೊಂಡು ನಿಂತ ಯುರೋಪಿನ ಉಡುಪಿನವಳೂ ಇದ್ದಾಳೆ. ದೇಶವನ್ನೆಲ್ಲ ಒಂದು ಕೋಣೆಗೆ ಕರೆತಂದ ಚಿತ್ರವೆಂದು ಕಲಾ ಇತಿಹಾಸಕಾರರು ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ.

ಬೆಂಗಳೂರಿನ ಶಿವಾಜಿನಗರದವರಿಗೆ ಆ ಕೋಣೆಯಲ್ಲಿ ಅಂಥ ವಿಶೇಷವೇನೂ ಕಾಣಲಿಕ್ಕಿಲ್ಲ. ರಸೆಲ್ ಮಾರುಕಟ್ಟೆಯಿಂದ ಸೇಂಟ್ ಮೇರಿ ಬೆಸಿಲಿಕಾದವರೆಗೆ ನಡೆದರೆ ಸಾಕು, ದಖನಿ, ತಮಿಳು, ಕನ್ನಡ, ಮರಾಠಿ, ಇಂಗ್ಲಿಷ್ ಎಲ್ಲವೂ ಕಿವಿಗೆ ಬೀಳುತ್ತವೆ. ಕ್ವೀನ್ಸ್ ರಸ್ತೆಯಲ್ಲಿ 1926ರಿಂದ ಪಾರ್ಸಿಗಳ ಅಗ್ನಿ ದೇವಾಲಯವಿದೆ. ಈ ದಂಡು ಪ್ರದೇಶ ಹುಟ್ಟಿದ್ದೇ ಹೀಗೆ, ಹೊರಗಿನಿಂದ ಬಂದವರಿಂದ. ಆದ್ದರಿಂದ ಇಲ್ಲಿಯ ಒಂದು ಮಹಡಿ ಕೋಣೆಯಲ್ಲಿ ಶನಿವಾರದ ಮಧ್ಯಾಹ್ನಗಳಲ್ಲಿ ತೈಲವರ್ಣ ಕಲಿಯಲು ಹೊರಟ ನಮ್ಮಂಥ ನಾಲ್ಕಾರು ಜನ ನಕಲು ಮಾಡಲು ಒಂದು ಹಳೆಯ ಚಿತ್ರ ಬೇಕೆಂದಾಗ ಇದನ್ನೇ ಆರಿಸಿದ್ದು ಆಶ್ಚರ್ಯವಲ್ಲ. ಕಲಿಸುವವರು ಒಂದು ಕಾಲದಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಆ ಕಸುಬು ನಿಂತುಹೋಯಿತು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಚಿತ್ರದ ಪ್ರಿಂಟ್ ನೋಡಿ ಅವರು ಹೇಳಿದ ಮೊದಲ ಮಾತು: “ಹನ್ನೊಂದು ಜನ ಬೇಡ ಸಾರ್. ಮೂರು ಜನ ಸಾಕು. ಮೂರು ಜನದ ಕೈ ಆರು. ಆರು ಕೈ ಬರೆಯೋದೇ ಕಷ್ಟ.”

ನಕಲು ಎಂದರೆ ಮೂಗು ಮುರಿಯುವವರಿದ್ದಾರೆ. ಸ್ವಂತದ್ದೇನಾದರೂ ಬರೆಯಬಾರದೆ ಎಂದು ಕೇಳುತ್ತಾರೆ. ಆದರೆ ರವಿವರ್ಮನೇ ಎಣ್ಣೆಬಣ್ಣ ಕಲಿತದ್ದು ನೋಡಿ, ಮಾಡಿ, ಕದ್ದು. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರ ತಿರುವನಂತಪುರದ ಅರಮನೆಗೆ ಬಂದ. ಕಲಿಸಲು ಅವನು ಒಪ್ಪಲಿಲ್ಲ. ತಾನು ಬರೆಯುವುದನ್ನು ಕೂತು ನೋಡಬಹುದು ಎಂದಷ್ಟೇ ಹೇಳಿದ. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಅವರಿಗೂ ಈ ಹುಡುಗನಿಗೆ ಗುಟ್ಟು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಗುಟ್ಟಾಗಿ ಒಂದಿಷ್ಟು ಹೇಳಿಕೊಟ್ಟನಂತೆ. ಆಗ ರವಿವರ್ಮನಿಗೆ ಇಪ್ಪತ್ತು ವರ್ಷ.

ಹೊಸಬರಷ್ಟೇ ನಕಲು ಮಾಡುತ್ತಾರೆಂಬುದೂ ನಿಜವಲ್ಲ. ಯುರೋಪಿನಲ್ಲಿ ಹೆಸರಿನ ಶಿಖರದಲ್ಲಿದ್ದ ರೂಬೆನ್ಸ್ 1628ರಲ್ಲಿ ರಾಯಭಾರದ ಕೆಲಸಕ್ಕೆ ಮ್ಯಾಡ್ರಿಡ್‌ಗೆ ಹೋದಾಗ, ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಅಲ್ಲಿದ್ದ ಟಿಷಿಯನ್ ಚಿತ್ರಗಳನ್ನು ಒಂದೊಂದಾಗಿ ನಕಲು ಮಾಡಿದ. ವ್ಯಾನ್ ಗೋ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಚಿತ್ರಕಾರ ಮಿಲೆಯ ರೈತರನ್ನು ಕಪ್ಪುಬಿಳುಪು ಪ್ರಿಂಟುಗಳಿಂದಲೇ ಎಣ್ಣೆಬಣ್ಣಕ್ಕೆ ತಂದ. ಶುರುಮಾಡಿದ್ದು 1889ರಲ್ಲಿ, ಅಂದರೆ ಇತ್ತ ರವಿವರ್ಮ ಮೈಸೂರಿನವರಿಗಾಗಿ ಈ ಗಾಯಕಿಯರನ್ನು ಕೂರಿಸುತ್ತಿದ್ದ ಹೊತ್ತಿಗೇ. ನಮ್ಮಲ್ಲಿ ಚಂದಮಾಮದ ಮುಖಪುಟಗಳಲ್ಲಿ ಮಹಾಭಾರತವನ್ನು ಬರೆದ ಎಂ.ಟಿ.ವಿ. ಆಚಾರ್ಯರು ಬೆಂಗಳೂರಿನಿಂದ ಅಂಚೆಯ ಮೂಲಕವೇ ಚಿತ್ರಕಲೆ ಕಲಿಸಿದರು. ಅಂಚೆಯಲ್ಲಿ ಬಂದ ಮಾದರಿ ನೋಡಿಕೊಂಡು ಬರೆಯುವುದು ಬಿಟ್ಟರೆ ಹಾಗೆ ಕಲಿತವರಿಗೆ ಬೇರೆ ದಾರಿ ಏನಿತ್ತು?

ಇನ್ನು ಎಣ್ಣೆಬಣ್ಣ ಈ ಸೀಮೆಗೆ ರವಿವರ್ಮನ ಜೊತೆಗೇ ಬಂತೆಂದು ತಿಳಿಯಬೇಕಾಗಿಲ್ಲ. ಶ್ರೀರಂಗಪಟ್ಟಣ ಬಿದ್ದ 1799ರ ಯುದ್ಧದ ಬೆನ್ನಿಗೇ ಐರ್ಲೆಂಡಿನ ಥಾಮಸ್ ಹಿಕಿ ಬಂದು ದಿವಾನ್ ಪೂರ್ಣಯ್ಯನವರ ಭಾವಚಿತ್ರ ಬರೆದಿದ್ದ. ಆದರೆ ಸೀರೆ, ಒಡವೆ, ಮೈಬಣ್ಣಗಳನ್ನು ಎಣ್ಣೆಯಲ್ಲಿ ನಮ್ಮ ಮನೆಯವರಂತೆ ಕಾಣಿಸುವ ಕೆಲಸ ರವಿವರ್ಮನದೇ. ಆಮೇಲೆ ಮೈಸೂರಿನ ಕಲಾವಿದರು ಈ ಮಾಧ್ಯಮವನ್ನು ತಮ್ಮದಾಗಿಸಿಕೊಂಡರು. ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ 26 ದಸರಾ ಮೆರವಣಿಗೆ ಚಿತ್ರಗಳನ್ನು ಕೇಶವಯ್ಯ, ವೈ. ನಾಗರಾಜು ಮೊದಲಾದವರು ಫೋಟೊಗಳನ್ನು ಆಧರಿಸಿ ಬರೆದರು.

ಕೆಲಸಕ್ಕೆ ಬರೋಣ.

ಪ್ರಿಂಟು ಸಿಕ್ಕಿತೆಂದು ಬಣ್ಣದ ಟ್ಯೂಬ್ ಬಿಚ್ಚುವಂತಿಲ್ಲ. ಒಂದೇ ಚಿತ್ರದ ಮೂರು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಸೀರೆ ಕಡುಗೆಂಪು, ಇನ್ನೊಂದರಲ್ಲಿ ಇಟ್ಟಿಗೆ ಬಣ್ಣ, ಮೊಬೈಲಿನಲ್ಲಿ ಮತ್ತೊಂದು. ಯಾವುದನ್ನು ನಂಬುವುದು? ಉಸ್ತಾದ್ ಯಾವುದನ್ನೂ ನಂಬಬೇಡಿ ಎಂದರು. ಬೀದಿಯ ಜೆರಾಕ್ಸ್ ಅಂಗಡಿಗೆ ಕಳಿಸಿ ಕಪ್ಪುಬಿಳುಪು ಪ್ರತಿ ಮಾಡಿಸಿದರು. “ಮುಖ ಆಮೇಲೆ. ಬಣ್ಣ ಅದಕ್ಕೂ ಆಮೇಲೆ. ಮೊದ್ಲು ಕತ್ತಲು ಎಲ್ಲೆಲ್ಲಿ ಇದೆ ನೋಡಿ.” ಕಣ್ಣು ಕಿರಿದು ಮಾಡಿ ನೋಡಿದರೆ ಹೆಂಗಸರು, ಒಡವೆ, ವೀಣೆ ಎಲ್ಲ ಕರಗಿ ನಾಲ್ಕೈದು ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಹಿನ್ನೆಲೆಯ ಕಡು ಕಂದು, ಅದಕ್ಕಿಂತ ಸ್ವಲ್ಪ ತಿಳಿಯಾದ ಕೂದಲು, ನಡುವಣ ಬೂದು, ಆಮೇಲೆ ಮುಖ, ತೋಳು, ಬಿಳಿ ಬಟ್ಟೆಯ ಬೆಳಕು. ಚಿತ್ರ ನಿಂತಿರುವುದು ಇವುಗಳ ಮೇಲೆ. ಒಬ್ಬಳ ಕೆನ್ನೆಯ ನೆರಳು ಎಲ್ಲಿ ಮುಗಿದು ಹಿಂದಿನ ಗೋಡೆ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದರೆ ಕೆಲವೆಡೆ ಗೆರೆಯೇ ಸಿಗುವುದಿಲ್ಲ. ರವಿವರ್ಮ ಅಲ್ಲಿ ಅಂಚನ್ನು ಬೇಕೆಂದೇ ಕಳೆದಿದ್ದಾನೆ. ಪ್ರಿಂಟನ್ನು ವರ್ಷಗಟ್ಟಲೆ ಗೋಡೆಗೆ ತೂಗುಹಾಕಿಕೊಂಡವರಿಗೂ ಇದು ಕಾಣಿಸಿರುವುದಿಲ್ಲ. ನಕಲು ಮಾಡಲು ಕೂತವರಿಗೆ ಮೊದಲ ಗಂಟೆಯಲ್ಲೇ ಕಾಣುತ್ತದೆ.

ಕ್ಯಾನ್ವಾಸಿಗೆ ಚೌಕ ಹಾಕುವುದು ಬ್ಯಾನರ್ ಬರೆಯುವವರ ಪ್ರತಿದಿನದ ಕಸುಬು. ಅಂಗೈಯಗಲದ ಸ್ಟಿಲ್ ಫೋಟೊವನ್ನು ನಲವತ್ತು ಅಡಿಗೆ ಹಿಗ್ಗಿಸಬೇಕಾದವರಿಗೆ ಬೇರೆ ಉಪಾಯವಿರಲಿಲ್ಲ. ಪ್ರಿಂಟಿನ ಮೇಲೆ ಸಣ್ಣ ಚೌಕ, ಕ್ಯಾನ್ವಾಸಿನ ಮೇಲೆ ಅದೇ ಲೆಕ್ಕದ ದೊಡ್ಡ ಚೌಕ. ಒಂದೊಂದು ಮನೆಯೊಳಗಿನ ಗೆರೆಯನ್ನಷ್ಟೇ ನೋಡಿ ಬರೆದರೆ ಕಣ್ಣು, ಮೂಗು ಎಂಬ ಹೆಸರುಗಳು ಮರೆತುಹೋಗಿ ಆಕಾರ ಸರಿಯಾಗಿ ಬರುತ್ತದೆ. ಮುಗಿದ ಮೇಲೆ ಕನ್ನಡಿಯಲ್ಲಿ ಚಿತ್ರವನ್ನು ತಿರುವುಮುರುವಾಗಿ ನೋಡಬೇಕು. ವಾರೆಯಾದ ಕಣ್ಣು, ಉದ್ದವಾದ ಕತ್ತು ತಕ್ಷಣ ಎದ್ದು ಕಾಣುತ್ತವೆ.

ಚೌಕಕ್ಕೂ ಮೊದಲು ಕ್ಯಾನ್ವಾಸಿನ ಬಿಳಿಯನ್ನು ಕೊಲ್ಲಬೇಕು. ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸಿಗೆ ಗೆಸ್ಸೊ ಎಂಬ ಬಿಳಿ ತಳಲೇಪ ಬಳಿದೇ ಇರುತ್ತದೆ. ಅದರ ಮೇಲೆ ಟರ್ಪೆಂಟೈನಿನಲ್ಲಿ ತೆಳ್ಳಗೆ ಕಲಸಿದ ರಾ ಅಂಬರ್ ಬಳಿದು ಬಟ್ಟೆಯಿಂದ ಒರೆಸಿಬಿಟ್ಟರೆ ತಿಳಿ ಕಂದಿನ ನೆಲ ಸಿದ್ಧ. ಬಿಳಿಯ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪೆನಿಸುತ್ತದೆ. ಈ ನೆಲದ ಮೇಲೆ ಕತ್ತಲು, ಬೆಳಕು ಎರಡೂ ತಮ್ಮ ಸರಿಯಾದ ತೂಕದಲ್ಲಿ ಕಾಣುತ್ತವೆ. ಅಂಬರ್ ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ ಎಂಬುದು ಇನ್ನೊಂದು ಅನುಕೂಲ. ಮೊದಲ ಪದರಕ್ಕೆ ಹಳೆಯ ಕಾಲದಿಂದ ಈ ಬಣ್ಣವನ್ನೇ ಬಳಸುತ್ತ ಬಂದಿರುವುದು ಸುಮ್ಮನೆ ಅಲ್ಲ.

ಒಣಗುವುದು ಎಂದೆನಲ್ಲ, ಎಣ್ಣೆಬಣ್ಣದಲ್ಲಿ ಆ ಮಾತಿನ ಅರ್ಥವೇ ಬೇರೆ. ಜಲವರ್ಣದಲ್ಲಿ ನೀರು ಆರಿಹೋಗುತ್ತದೆ, ಬಣ್ಣ ಉಳಿಯುತ್ತದೆ. ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆ ಆರುವುದೇ ಇಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಂತಾಗಲು ಕೆಲವು ದಿನ ಬೇಕು. ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಳು. ಕೆಳಗಿನ ಪದರದಲ್ಲಿ ಎಣ್ಣೆ ಹೆಚ್ಚಿದ್ದು ಮೇಲಿನದರಲ್ಲಿ ಕಡಿಮೆಯಿದ್ದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗಲೇ ಬಿರುಕು ಬಿಡುತ್ತದೆ. ಆದ್ದರಿಂದ ತಳದಲ್ಲಿ ಟರ್ಪೆಂಟೈನ್ ಜಾಸ್ತಿ, ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಈ ಒಂದು ನಿಯಮ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ಐವರಿ ಬ್ಲ್ಯಾಕ್ ಹಚ್ಚಿ ನಾಳೆಗೆ ಒಣಗಲಿ ಎಂದು ಕಾಯುವವರ ಪಾಡು ದೇವರಿಗೇ ಪ್ರೀತಿ; ಕಪ್ಪು ಬಹಳ ನಿಧಾನದ ಬಣ್ಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ; ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡು ಬಟ್ಟೆ ತಾನೇ ಹೊತ್ತಿಕೊಂಡ ಉದಾಹರಣೆಗಳಿವೆ. ಹರವಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ. ಕಿಟಕಿ ಸದಾ ತೆರೆದಿರಲಿ.

ಕಂದು ಮತ್ತು ಬಿಳಿ ಎರಡರಲ್ಲೇ ಇಡೀ ಚಿತ್ರವನ್ನು ಒಮ್ಮೆ ಬರೆದು ಮುಗಿಸಬೇಕು. ಉತ್ಸಾಹದಲ್ಲಿ ಬಂದವರ ಪೈಕಿ ಅರ್ಧ ಜನ ಈ ಘಟ್ಟದಲ್ಲೇ ಬೇಸತ್ತು ಬಿಡುತ್ತಾರೆ. ಕೆಂಪು ಸೀರೆ ಕಣ್ಣೆದುರಿಗಿದ್ದೂ ಕೆಂಪು ಮುಟ್ಟುವಂತಿಲ್ಲವೆಂದರೆ ಯಾರಿಗೆ ತಾನೆ ಬೇಸರವಿಲ್ಲ? ಆದರೆ ನೆರಳು ಬೆಳಕು ಇಲ್ಲಿಯೇ ಸರಿಯಾಗಿ ಕೂತರೆ ಮುಂದೆ ಬಣ್ಣದ ಕೆಲಸ ಅರ್ಧಕ್ಕರ್ಧ ಹಗುರ.

ಮೈಬಣ್ಣ. ‘ಫ್ಲೆಶ್ ಟಿಂಟ್’ ಅಂತ ಒಂದು ಟ್ಯೂಬ್ ಮಾರುತ್ತಾರೆ. ಅದು ಯಾರ ಮೈಯದೋ, ನಮ್ಮ ಕಡೆಯವರದಂತೂ ಅಲ್ಲ. ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಬಿಳಿ, ಚೂರು ಅಲ್ಟ್ರಾಮರೀನ್, ಬೇಕೆಂದಲ್ಲಿ ಕೆಂಪು; ಇಷ್ಟರಲ್ಲಿ ಗೋಧಿ ಬಣ್ಣದಿಂದ ಎಣ್ಣೆಗಪ್ಪಿನವರೆಗೆ ಎಲ್ಲವೂ ಬರುತ್ತವೆ. ಕಷ್ಟ ಇರುವುದು ಬೆಳಕು ತಿರುಗಿ ನೆರಳಾಗುವ ಕಡೆ. ಕಿಟಕಿಯ ಬೆಳಕು ತಣ್ಣಗಿದ್ದರೆ ನೆರಳು ಬೆಚ್ಚಗಿನ ಕೆಂಗಂದಾಗುತ್ತದೆ, ಅವೆರಡರ ನಡುವಿನ ಪಟ್ಟಿ ಮಾತ್ರ ತುಸು ಹಸಿರು. ಹೌದು, ಹಸಿರು. ಗಾಯಕಿಯ ಗಲ್ಲದ ಕೆಳಗೆ ಹಸಿರುಬೂದು ಇಡುವಾಗ ಕೈ ಹಿಂಜರಿಯುತ್ತದೆ. ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಗಲ್ಲ ಗುಂಡಗಾಗಿರುತ್ತದೆ.

ಇನ್ನು ಜರಿ. ನನ್ನ ಮಟ್ಟಿಗೆ ಈ ಚಿತ್ರದಿಂದ ಕಲಿಯಬೇಕಾದ ಬಹುದೊಡ್ಡ ಪಾಠ ಅದರಲ್ಲೇ ಇದೆ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ಜರಿ, ಕಿರೀಟ, ಒಡವೆಗಳಿಗೆ ನಿಜವಾದ ಚಿನ್ನದ ರೇಕು. ಗೆಸ್ಸೊ ಕೆಲಸದಿಂದ ನವಿರಾಗಿ ಉಬ್ಬಿಸಿ, ಅದರ ಮೇಲೆ ರೇಕು ಕೂರಿಸಿ ಉಜ್ಜುತ್ತಾರೆ. ದೀಪದ ಬೆಳಕು ಬಿದ್ದರೆ ಚಿತ್ರ ತಾನೇ ಹೊಳೆಯುತ್ತದೆ. ರವಿವರ್ಮ ಕ್ಯಾನ್ವಾಸಿನಲ್ಲಿ ಜರಿಯನ್ನು ಬರೆಯುವುದು ಓಕರ್ ಮಣ್ಣಿನಿಂದ. ನಾವು ಇದನ್ನು ಪರೀಕ್ಷಿಸಲು ಕಮರ್ಷಿಯಲ್ ಸ್ಟ್ರೀಟಿನಿಂದ ಅಗಲ ಜರಿಯಂಚಿನ ಒಂದು ತುಂಡು ರೇಷ್ಮೆ ತಂದು ಕಿಟಕಿಯ ಪಕ್ಕ ಕುರ್ಚಿಯ ಮೇಲೆ ಇಳಿಬಿಟ್ಟೆವು. ಉಸ್ತಾದ್ ಒಂದು ಕಾಗದದಲ್ಲಿ ಸಣ್ಣ ತೂತು ಮಾಡಿ, ಅದರ ಮೂಲಕ ಜರಿಯ ಒಂದೊಂದೇ ಚುಕ್ಕೆಯನ್ನು ನೋಡಲು ಹೇಳಿದರು. ತೂತಿನಲ್ಲಿ ಚಿನ್ನ ಕಾಣುವುದೇ ಇಲ್ಲ! ಒಂದು ಕಡೆ ಸಗಣಿಯ ಹಸಿರುಕಂದು, ಪಕ್ಕದಲ್ಲಿ ಇಟ್ಟಿಗೆಗಂದು, ಮಡಿಕೆಯ ಒಳಗೆ ಹತ್ತಿರ ಹತ್ತಿರ ಕಪ್ಪು, ಮಡಿಕೆಯ ನೆತ್ತಿಯಲ್ಲಿ ಮಾತ್ರ ಒಂದು ಗೆರೆ ಬಿಳಿಹಳದಿ. ಚಿನ್ನ ಅನ್ನುವುದು ಈ ನಾಲ್ಕೂ ಒಟ್ಟಿಗೆ, ಒಂದರ ಪಕ್ಕ ಒಂದು ಥಟ್ಟನೆ ಬದಲಾಗುವಾಗ ಕಣ್ಣಿಗೆ ಆಗುವ ಅನುಭವ ಅಷ್ಟೇ. ರೇಷ್ಮೆಯಲ್ಲಿ ಕತ್ತಲೆಯಿಂದ ಬೆಳಕಿಗೆ ಹೋಗಲು ನಡುವೆ ಒಂದಷ್ಟು ಮೆಟ್ಟಿಲುಗಳಿರುತ್ತವೆ. ಲೋಹದಲ್ಲಿ ಆ ಮೆಟ್ಟಿಲುಗಳಿಲ್ಲ.

ಇದು ತಿಳಿದ ಮೇಲೆ ಪ್ರಿಂಟಿಗೆ ಮರಳಿದರೆ ರವಿವರ್ಮನ ಜಿಪುಣತನ ಅರ್ಥವಾಗುತ್ತದೆ. ಅಂಚಿನ ಪೂರ್ತಿ ಉದ್ದಕ್ಕೂ ಮಂಕಾದ ಓಕರ್, ಅಂಬರ್. ಬೆಳಕು ನೇರವಾಗಿ ತಾಗುವ ಮಂಡಿಯ ಮೇಲೋ ಭುಜದ ಮೇಲೋ ನಾಲ್ಕಾರು ಕಡೆ ಮಾತ್ರ ದಪ್ಪ ಹಳದಿಬಿಳಿ. ನೆರಳಲ್ಲಿರುವ ಅಂಚಿನ ಚಿತ್ತಾರವನ್ನು ಅವನು ಬರೆಯುವ ಗೋಜಿಗೇ ಹೋಗುವುದಿಲ್ಲ. ಕಲಿಯುವವರು ಅಲ್ಲೂ ಪ್ರತಿ ಮಾವಿನಕಾಯಿ ಬುಟ್ಟವನ್ನೂ ಬಿಡಿಸಿ, ಎಲ್ಲ ಕಡೆಯೂ ಹೊಳಪಿಟ್ಟು, ಕೊನೆಗೆ ಜರಿ ಹಳದಿ ಟೇಪಿನಂತಾಗುತ್ತದೆ. ಅಂಗಡಿಯಲ್ಲಿ ಸಿಗುವ ಗೋಲ್ಡ್ ಪೇಂಟ್ ಬಳಿದರೆ ಇನ್ನೂ ಕೆಟ್ಟದು. ಒಂದು ಕೋನದಿಂದ ಹೊಳೆದು ಇನ್ನೊಂದರಿಂದ ಬೂದು ಬಡಿಯುತ್ತದೆ. ಮೈಸೂರು ಶೈಲಿಯ ಚಿನ್ನ ಬೇರೆ ಮಾತು. ಅದಕ್ಕೆ ನೆರಳಿನ ಹಂಗಿಲ್ಲ, ಅಲ್ಲಿ ಚಿನ್ನ ದೇವರಿಗೆ ಸಲ್ಲಿಸಿದ ಚಿನ್ನವೇ. ಎಣ್ಣೆಬಣ್ಣದವರು ಬರೆಯುತ್ತಿರುವುದು ವಸ್ತುವನ್ನಲ್ಲ, ಅದರ ಮೇಲೆ ಬಿದ್ದ ಬೆಳಕನ್ನು. ಯಾವುದು ಮೇಲು ಎಂಬ ಜಗಳಕ್ಕೆ ನಾನಿಲ್ಲ.

ಬಿಳಿ ಬಟ್ಟೆಗೂ ಇದೇ ನ್ಯಾಯ. ರವಿವರ್ಮನ ನಾಯರ್ ಹೆಂಗಸರ ಬಿಳಿ ಮುಂಡಿನಲ್ಲಿ ಶುದ್ಧ ಬಿಳಿ ಎಷ್ಟು ಕಡಿಮೆ ಎಂದು ಹುಡುಕಿ ನೋಡಬೇಕು. ಬೂದು, ತಿಳಿ ಓಕರ್, ನೀಲಿಯ ಸುಳಿವು. ನಮ್ಮ ನಕಲಿನಲ್ಲೂ ಟೈಟಾನಿಯಂ ವೈಟ್ ನೇರವಾಗಿ ಬರುವುದು ಕಟ್ಟಕಡೆಯಲ್ಲಿ.

ಕೈಗಳ ವಿಷಯದಲ್ಲಿ ಉಸ್ತಾದ್ ಹೇಳಿದ್ದು ನಿಜ. ಮುಖಕ್ಕೆ ಜನ ಕ್ಷಮೆ ಕೊಡುತ್ತಾರೆ, ಕೈಗೆ ಕೊಡುವುದಿಲ್ಲ. ಬೆರಳುಗಳನ್ನು ಒಂದೊಂದಾಗಿ ಬರೆಯಲು ಹೋದರೆ ಬೆಂಡೆಕಾಯಿಗಳ ಗೊಂಚಲಾಗುತ್ತದೆ. ನಾಲ್ಕು ಬೆರಳನ್ನು ಒಂದೇ ಆಕಾರವಾಗಿ ಬಳಿದು, ನೆರಳಿನ ಸೀಳುಗಳಿಂದ ಬೇರ್ಪಡಿಸಿ, ಗೆಣ್ಣುಗಳ ಬಳಿ ಕೆಂಪು ಹೆಚ್ಚಿಸಿದರೆ ಆಯಿತು. ತಂತಿ ಮೀಟುವ ಕೈ ಬರೆಯುವ ಮೊದಲು ವೀಣೆ ಬಲ್ಲವರೊಬ್ಬರನ್ನು ಕೇಳುವುದೂ ಒಳ್ಳೆಯದು. ಮಸುಕು ಪ್ರಿಂಟನ್ನು ನಂಬಿ ಬರೆದರೆ ತಂತಿ ಒಂದು ಕಡೆ, ಬೆರಳು ಇನ್ನೊಂದು ಕಡೆ ಆಗುತ್ತದೆ.

ಹೀಗೆ ಇಂಚಿಂಚು ನೋಡುತ್ತ ಹೋದಾಗ ರವಿವರ್ಮನ ಮಿತಿಗಳೂ ಕಾಣತೊಡಗುತ್ತವೆ. ಈ ಹೆಂಗಸರಲ್ಲಿ ಹೆಚ್ಚುಕಡಿಮೆ ಯಾರೂ ಇನ್ನೊಬ್ಬರ ಮುಖ ನೋಡುತ್ತಿಲ್ಲ. ಗಾಯನ ಗೋಷ್ಠಿಯಲ್ಲಿ ಇರಬೇಕಾದ ಕಣ್ಣಿನ ಮಾತುಕತೆ ಇಲ್ಲಿಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಬರೆದು ಆಮೇಲೆ ಸೇರಿಸಿದ್ದಿರಬೇಕು ಎಂಬುದು ನನ್ನ ಅಂದಾಜು. ಮೂರೇ ಜನರನ್ನು ಕತ್ತರಿಸಿ ತೆಗೆದು ಬರೆದರೂ ಚಿತ್ರಕ್ಕೆ ಏನೂ ಕೊರತೆಯಾಗಲಿಲ್ಲ ಎಂಬುದೇ ಅದಕ್ಕೆ ಸಾಕ್ಷಿ. ದೊಡ್ಡವರ ಚಿತ್ರದಲ್ಲಿ ಎಲ್ಲವೂ ಒಂದೇ ಕೈಯ ಕೆಲಸ ಎಂದೂ ಭಾವಿಸಬೇಕಿಲ್ಲ. ರವಿವರ್ಮನ ತಮ್ಮ ಸಿ. ರಾಜರಾಜ ವರ್ಮ ಅಣ್ಣನ ಜೊತೆಗೇ ದುಡಿದವನು, ಎಷ್ಟೋ ಚಿತ್ರಗಳ ಹಿನ್ನೆಲೆಯ ಪ್ರಕೃತಿ ದೃಶ್ಯ ಅವನದು.

ಕಾನೂನಿನ ಭಯ ಬೇಡ. ನಮ್ಮ ಕಾಯ್ದೆಯಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ರವಿವರ್ಮ ಹೋದದ್ದು 1906ರಲ್ಲಿ. 2011ರಲ್ಲಿ ತೀರಿಕೊಂಡ ಚಿತ್ರಕಾರ ಎಂ.ಎಫ್. ಹುಸೇನರನ್ನು ನಕಲು ಮಾಡಿ ಮಾರುವವರು ಮಾತ್ರ ಯೋಚಿಸಬೇಕು. ರವಿವರ್ಮನ ಮೂಲಕೃತಿಗಳನ್ನು 1979ರಲ್ಲಿ ರಾಷ್ಟ್ರೀಯ ಕಲಾನಿಧಿ ಎಂದು ಘೋಷಿಸಿದ್ದರಿಂದ ಅವು ದೇಶ ಬಿಟ್ಟು ಹೊರಹೋಗುವಂತಿಲ್ಲ. ನಿಮ್ಮ ನಕಲು ಧಾರಾಳವಾಗಿ ಅಮೆರಿಕದ ಮಗಳ ಮನೆಗೆ ಹೋಗಬಹುದು. ಮರ್ಯಾದೆ ಬೇರೆ ಇದೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ನಕಲು ಮಾಡಲು ಪರವಾನಗಿ ಕೊಡುತ್ತಾರೆ, ಆದರೆ ನಕಲಿನ ಅಳತೆ ಮೂಲದ್ದಕ್ಕಿಂತ ಬೇರೆಯಿರಬೇಕು, ಮೂಲ ಕಲಾವಿದನ ಸಹಿ ಹಾಕುವಂತಿಲ್ಲ. ಮನೆಯಲ್ಲಿ ಮಾಡುವವರೂ ಇಷ್ಟು ಪಾಲಿಸಿದರೆ ಯಾರಿಗೂ ಮೋಸವಿಲ್ಲ.

ನಮ್ಮ ಮೂವರು ಗಾಯಕಿಯರನ್ನು ಕಟ್ಟು ಹಾಕಿಸಲು ಬೆಸಿಲಿಕಾದ ಹತ್ತಿರದ ಫ್ರೇಮ್ ಅಂಗಡಿಗೆ ಕೊಂಡೊಯ್ದೆವು. ಗೋಡೆಯ ತುಂಬ ಕೊನೆಯ ಭೋಜನ, ವೇಲಾಂಕಣಿ ಮಾತೆ, ಕಾಬಾ, ತಾವರೆಯ ಮೇಲಿನ ಲಕ್ಷ್ಮಿ. ಅಂಗಡಿಯವರು ಚಿತ್ರವನ್ನು ಓರೆ ಹಿಡಿದು ನೋಡಿ, “ಗ್ಲಾಸ್ ಯಾವ್ದು ಹಾಕ್ಲಿ?” ಎಂದರು.

“ಗ್ಲಾಸ್ ಬೇಡ ಭಾಯ್, ಇದು ಆಯಿಲ್,” ಎಂದರು ಉಸ್ತಾದ್.

“ಗ್ಲಾಸ್ ಇಲ್ದಿದ್ರೆ ಧೂಳು ಕೂರುತ್ತೆ.”

“ಕೂರ್ಲಿ. ಒರೆಸ್ಕೊಳ್ತಾರೆ. ಇದು ಇನ್ನೂ ಗಾಳಿ ಕುಡೀಬೇಕು.”

ವಾರ್ನಿಷ್ ಹಚ್ಚಲು ಕನಿಷ್ಠ ಆರು ತಿಂಗಳು ಕಾಯಬೇಕು, ದಪ್ಪ ಬಣ್ಣವಿದ್ದರೆ ವರ್ಷ. ಅಲ್ಲಿಯವರೆಗೆ ಒಗ್ಗರಣೆ ಹೊಗೆ ಮುಟ್ಟದ ಗೋಡೆ ಹುಡುಕಬೇಕು. ಕ್ಯಾನ್ವಾಸಿನ ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ‘ರವಿವರ್ಮನ ಚಿತ್ರದಿಂದ’ ಎಂದು, ಅದರ ಕೆಳಗೆ ಬಳಸಿದ ಬಣ್ಣಗಳ ಹೆಸರು, ಮುಗಿಸಿದ ತಿಂಗಳು ಬರೆದಿಡುವುದು ರೂಢಿ. ಉಸ್ತಾದ್ ಅದರ ಜೊತೆಗೆ ವಾರ್ನಿಷ್ ಹಚ್ಚಬೇಕಾದ ತಿಂಗಳನ್ನೂ ಬರೆಸಿದರು.